ಅದೇ ಪಾರ್ಕು, ಅದೇ ಬೇಸಿಗೆ: ಆ ಸಂತೋಷ ಮಾತ್ರ ಏಕೆ ಮರಳಲಿಲ್ಲ?

ಪ್ರಶ್ನೆ: ನನಗೆ 41 ವರ್ಷ, ರಾಯಚೂರಿನಲ್ಲಿ ಉಪನ್ಯಾಸಕನಾಗಿದ್ದೇನೆ. ನಮ್ಮ ತಂದೆ ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ನೌಕರಿಯಲ್ಲಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ, ಅಂದರೆ 1990ರ ದಶಕದ ಕೊನೆಯಲ್ಲಿ, ಕಾಲೊನಿಯ ಮೂರು ಮನೆಯವರು ಕೂಡಿ ಗಾಡಿ ಬಾಡಿಗೆ ಹಿಡಿದು ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೋಗುತ್ತಿದ್ದೆವು. ಮೃಗಾಲಯ, ಚಾರ್‌ಮಿನಾರ್, ಬಿರ್ಲಾ ಮಂದಿರ ಎಲ್ಲ ಆದಮೇಲೆ ಒಂದು ದಿನ ಪೂರ್ತಿ ವಾಟರ್ ಪಾರ್ಕಿಗೆ ಮೀಸಲು. ಅಲ್ಲಿ ನಾವೆಲ್ಲ ಆಡಿದೆವು; ಜಾರುಬಂಡಿಯ ತುದಿ, ರಾತ್ರಿ ಅಪ್ಪಾಜಿಯ ಹೆಗಲಿಗೆ ಒರಗಿ ನಿದ್ದೆ ಹೋದದ್ದು ಇಂದಿಗೂ ಕಣ್ಣಮುಂದಿದೆ. ಅಪ್ಪಾಜಿ ತೀರಿಕೊಂಡು ಮೂರು ವರ್ಷವಾಯಿತು. ಕಳೆದ ಮೇ ತಿಂಗಳಲ್ಲಿ ಹೆಂಡತಿ, ಹನ್ನೆರಡು ವರ್ಷದ ಮಗಳು ಮತ್ತು ಎಂಟು ವರ್ಷದ ಮಗನನ್ನು ಅದೇ ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾವ ಕೊರತೆಯೂ ಇರಲಿಲ್ಲ, ಮೊದಲಿಗಿಂತ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮೊಬೈಲ್ ಕೇಳತೊಡಗಿದರು, ನಾನು ರೇಗಿದೆ, ವಾಪಸು ಬರುವಾಗ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ. "ನೀವು ಅಲ್ಲಿ ಹುಡುಕಿದ್ದು ಮಾವನವರನ್ನು" ಎಂದು ಹೆಂಡತಿ ಹೇಳಿದಳು. ಅವ್ವನ ಮುಂದೆ ಆ ಪ್ರವಾಸಗಳ ಮಾತೆತ್ತಿದರೆ ಹೂಂ ಎಂದು ಸುಮ್ಮನಾಗುತ್ತಾಳೆ. ಆ ದಿನಗಳು ನಿಜವಾಗಿಯೂ ಅಷ್ಟು ಚೆನ್ನಾಗಿದ್ದವೇ, ಅಥವಾ ನನ್ನ ಮನಸ್ಸು ಸುಳ್ಳು ಹೇಳುತ್ತಿದೆಯೇ? ಹೀಗೆ ಹಿಂದಿನದಕ್ಕೆ ಹಂಬಲಿಸುವುದು ಕಾಯಿಲೆಯೇ? ನನ್ನ ಮಕ್ಕಳಿಗೆ ಅಂಥ ನೆನಪನ್ನು ಕೊಡುವುದು ಹೇಗೆ? ಆ ಕಾಲದ ಒಂದು ಫೋಟೋವನ್ನು ಪತ್ರದೊಂದಿಗೆ ಇಟ್ಟಿದ್ದೇನೆ.

ಉತ್ತರ: ಕಾಯಿಲೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯಕೀಯ ವಿದ್ಯಾರ್ಥಿ, ಊರು ಬಿಟ್ಟು ದೂರದಲ್ಲಿರುವವರನ್ನು ಕಾಡುವ ಹಂಬಲವನ್ನು ಒಂದು ರೋಗವೆಂದೇ ವರ್ಣಿಸಿ ಪ್ರಬಂಧ ಬರೆದ, ಮತ್ತು ಬಹುಕಾಲ ವೈದ್ಯರು ಅದನ್ನು ಹಾಗೆಯೇ ನೋಡಿದರು. ಇಂದಿನ ಮನಶ್ಶಾಸ್ತ್ರ ಹಾಗೆ ನೋಡುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೀನ್ ಸೆಡಿಕಿಡೀಸ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಇಂಥ ನೆನಪುಗಳ ನಡುಮಧ್ಯೆ ನೆನೆಯುವವನೇ ಇರುತ್ತಾನೆ, ಆದರೆ ಒಬ್ಬನೇ ಇರುವುದಿಲ್ಲ; ಸುತ್ತಲೂ ಅವನಿಗೆ ಬೇಕಾದವರು ಇರುತ್ತಾರೆ. ಒಂಟಿತನವೋ ಬೇಸರವೋ ಆವರಿಸಿದಾಗ ಮನಸ್ಸು ಅತ್ತ ಹೊರಳುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಹಾಗೆ ಹೊರಳಿದ್ದರಿಂದ ತನಗೆ ತನ್ನವರಿದ್ದಾರೆ ಎಂಬ ಭಾವ ಗಟ್ಟಿಯಾಗುತ್ತದೆ. ಅಪ್ಪನನ್ನು ಕಳೆದುಕೊಂಡ ಮೂರು ವರ್ಷಗಳಲ್ಲಿ ನಿಮ್ಮ ಮನಸ್ಸು ಹೈದರಾಬಾದಿನ ದಾರಿ ಹಿಡಿದದ್ದರಲ್ಲಿ ಅಸಹಜವಾದದ್ದೇನೂ ನನಗೆ ಕಾಣುವುದಿಲ್ಲ.

ಇನ್ನು ಮನಸ್ಸು ಸುಳ್ಳು ಹೇಳುತ್ತದೆಯೇ ಎಂಬ ಪ್ರಶ್ನೆ. ಸುಳ್ಳು ಎನ್ನುವುದು ಕಟುವಾದ ಮಾತು, ಆದರೆ ಅದು ಆಯ್ದು ಹೇಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತಿತರ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪ್ ಪ್ರವಾಸಕ್ಕೆ ಹೊರಟವರನ್ನು, ಹಬ್ಬದ ರಜೆಗೆ ಹೋದವರನ್ನು ಮತ್ತು ಕ್ಯಾಲಿಫೋರ್ನಿಯಾದಲ್ಲಿ ಸೈಕಲ್ ಪ್ರವಾಸ ಮಾಡಿದವರನ್ನು ಹೊರಡುವ ಮುನ್ನ, ಪ್ರವಾಸದ ನಡುವೆ ಮತ್ತು ಮರಳಿದ ನಂತರ ಪ್ರಶ್ನಿಸಿದರು. ಹೋಗುವ ಮೊದಲಿನ ನಿರೀಕ್ಷೆಯೂ ಬಂದ ಮೇಲಿನ ನೆನಪೂ ಪ್ರವಾಸದ ಹೊತ್ತಿನ ನಿಜವಾದ ಅನುಭವಕ್ಕಿಂತ ಹೆಚ್ಚು ಸವಿಯಾಗಿದ್ದವು. ಮಳೆ, ಆಯಾಸ, ಸಣ್ಣಪುಟ್ಟ ಜಗಳಗಳು ಕೆಲವೇ ದಿನಗಳಲ್ಲಿ ಹಿಂದೆ ಸರಿದಿದ್ದವು. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಶಕ್ತಿನಗರದಿಂದ ಕೃಷ್ಣೆಯ ಸೇತುವೆ ದಾಟಿ, ಮಕ್ತಲ್, ಮಹಬೂಬನಗರ, ಜಡ್‌ಚರ್ಲಾ ಮಾರ್ಗವಾಗಿ ಮೇ ತಿಂಗಳ ಬಿಸಿಲಿನಲ್ಲಿ, ಎಸಿ ಇಲ್ಲದ ಬಾಡಿಗೆ ಗಾಡಿಯಲ್ಲಿ, ಮೂರು ಮನೆಯ ಮಂದಿ ತೊಡೆಯ ಮೇಲೆ ತೊಡೆ ಹಾಕಿಕೊಂಡು ಹೋದ ಆ ದಾರಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಯಾರಿಗೂ ವಾಂತಿಯಾಗಲಿಲ್ಲವೇ? ಕಿಟಕಿಯ ಸೀಟಿಗೆ ಹೊಡೆದಾಟವಾಗಲಿಲ್ಲವೇ? ಆಗಿಯೇ ಇರುತ್ತದೆ. ಒಂದು ಅನುಭವದ ನೆನಪು ಅದರ ಅತಿ ತೀವ್ರವಾದ ಗಳಿಗೆ ಮತ್ತು ಅದರ ಕೊನೆ ಈ ಎರಡನ್ನು ಬಲವಾಗಿ ಹಿಡಿದುಕೊಂಡು, ನಡುವಿನ ಉದ್ದವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದರು. ನಿಮ್ಮ ನೆನಪಿನಲ್ಲಿ ಜಾರುಬಂಡಿಯ ತುದಿಯಿದೆ, ರಾತ್ರಿ ಅಪ್ಪಾಜಿಯ ಹೆಗಲಿಗೆ ಒರಗಿ ನಿದ್ದೆ ಹೋದದ್ದಿದೆ, ಸಾಲಿನಲ್ಲಿ ಕಾಲು ಸುಟ್ಟುಕೊಂಡು ನಿಂತ ಹೊತ್ತಿಲ್ಲ.

ಥೀಮ್ ಪಾರ್ಕಿನ ನೆನಪು ಎಷ್ಟು ಸುಲಭವಾಗಿ ತಿದ್ದಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ಸ್ವಾರಸ್ಯದ ಪ್ರಯೋಗವೂ ಇದೆ. ಕ್ಯಾಥರಿನ್ ಬ್ರೌನ್, ರಿಯಾನನ್ ಎಲ್ಲಿಸ್ ಮತ್ತು ಎಲಿಜಬೆತ್ ಲಾಫ್ಟಸ್ ಅವರು 2002ರಲ್ಲಿ, ಬಾಲ್ಯದಲ್ಲಿ ಡಿಸ್ನಿ ಪಾರ್ಕಿಗೆ ಹೋಗಿದ್ದ ಕೆಲವರಿಗೆ ಒಂದು ಜಾಹೀರಾತು ತೋರಿಸಿದರು. ಅದರಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಪಾರ್ಕಿನಲ್ಲಿ ಮಕ್ಕಳನ್ನು ಬರಮಾಡಿಕೊಳ್ಳುವ ವರ್ಣನೆಯಿತ್ತು. ಆ ಮೊಲ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ. ಡಿಸ್ನಿ ಪಾರ್ಕಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಆದರೂ ಜಾಹೀರಾತು ನೋಡಿದವರಲ್ಲಿ ಒಂದಷ್ಟು ಜನ, ಚಿಕ್ಕವರಿದ್ದಾಗ ತಾವು ಅದರ ಕೈ ಕುಲುಕಿದ್ದು ನಿಜವೇ ಇರಬೇಕೆಂದು ನಂಬತೊಡಗಿದರು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮೂವತ್ತು ವರ್ಷಗಳ ಅವಧಿಯಲ್ಲಿ ಅಣ್ಣತಮ್ಮಂದಿರ ಮಾತು, ಆಲ್ಬಮ್ಮಿನ ಫೋಟೋ, ಆಮೇಲೆ ಟಿವಿಯಲ್ಲಿ ಕಂಡ ಬೇರೆ ಪಾರ್ಕುಗಳ ದೃಶ್ಯ, ಎಲ್ಲ ಸೇರಿ ಕಟ್ಟಿದ ಒಂದು ಪಾರ್ಕು ನಿಮ್ಮೊಳಗಿದೆ. ಕಳೆದ ಮೇ ತಿಂಗಳಲ್ಲಿ ಹೈದರಾಬಾದಿನ ಪಾರ್ಕು ಸ್ಪರ್ಧೆಗೆ ಇಳಿದದ್ದು ಅದರ ಜೊತೆಗೆ.

ಹಾಗೆಂದ ಮಾತ್ರಕ್ಕೆ ಎಲ್ಲವೂ ಮನಸ್ಸಿನ ಆಟವೆಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಆ ಪ್ರವಾಸಗಳು ಚೆನ್ನಾಗಿದ್ದುದಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಕಾರಣಗಳಿವೆ, ಮತ್ತು ನಮ್ಮ ಸೀಮೆಯವರಿಗೆ ಅವು ಇನ್ನೂ ಚೆನ್ನಾಗಿ ಅರ್ಥವಾಗುತ್ತವೆ.

ಮೊದಲನೆಯದು ನೀರು. ರಾಯಚೂರು ಜಿಲ್ಲೆಯ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ತುಂಗಭದ್ರೆ. ಆದರೆ ಈ ಎರಡು ನದಿಗಳ ನಡುವೆ ಬೆಳೆದ ಮಗುವಿಗೆ ನೀರಿಗಿಳಿಯುವ ಅನುಮತಿ ಇದ್ದದ್ದು ಅಪರೂಪ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮಡುವುಗಳಿವೆ. ಹೊಳೆಯ ಕಡೆ ಹೋದರೆ ಕಾಲು ಮುರಿಯುತ್ತೇನೆ ಎಂದು ಮನೆಯಲ್ಲಿ ಹೇಳಿಸಿಕೊಳ್ಳದ ಮಕ್ಕಳು ಆ ಭಾಗದಲ್ಲಿ ಇರಲಿಕ್ಕಿಲ್ಲ. ಊರೊಳಗಿನ ಬೇಸಿಗೆಯೆಂದರೆ 40 ಡಿಗ್ರಿ ದಾಟುವ ಬಿಸಿಲು, ತುಂಬಿಟ್ಟ ಕೊಡ, ಎಣಿಸಿ ಸುರಿದುಕೊಳ್ಳುವ ತಂಬಿಗೆ. ಇಂಥ ಮಗುವಿಗೆ ಎದೆಮಟ್ಟದ, ನೀಲಿಯಾದ, ತಳ ಕಾಣುವ ನೀರು ಸಿಕ್ಕಿತು. ಅದರೊಳಗೆ ಬೆಳಗಿನಿಂದ ಸಂಜೆಯವರೆಗೆ ಬಿದ್ದಿರಬಹುದಿತ್ತು. ಬೈಯುವವರೇ ಅದಕ್ಕೆ ಟಿಕೆಟ್ ಕೊಡಿಸಿದ್ದರು. ಇಂದು ನಿಮ್ಮ ಮಗಳು ಈಜು ಕಲಿಯಲು ಹೋಗುತ್ತಿರಬಹುದು, ಮದುವೆಗೆ ಹೋದ ರೆಸಾರ್ಟಿನಲ್ಲಿ ಪೂಲ್ ನೋಡಿರಬಹುದು. ಅವಳಿಗೆ ಅದು ಚೆಂದದ ನೀರು. ನಿಮಗೆ ಅದು ಮೊತ್ತಮೊದಲ ನಿರ್ಭಯದ ನೀರಾಗಿತ್ತು.

ಎರಡನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ನಿಮ್ಮ ಬಾಲ್ಯವೂ ನಮ್ಮ ದೇಶದ ಥೀಮ್ ಪಾರ್ಕುಗಳ ಬಾಲ್ಯವೂ ಒಂದೇ ಕಾಲಕ್ಕೆ ಬಂದವು. ದಿಲ್ಲಿಯ ಅಪ್ಪು ಘರ್ ತೆರೆದದ್ದು 1984ರಲ್ಲಿ, 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರಿನಲ್ಲಿ. ಮುಂಬಯಿಯ ಎಸ್ಸೆಲ್‌ವರ್ಲ್ಡ್ 1989ರದು. ಚೆನ್ನೈ ಹತ್ತಿರ ಕಿಷ್ಕಿಂತಾ 1995ರಲ್ಲಿ ಬಂದಿತು (ಕಿಷ್ಕಿಂಧೆ ಎಂದು ನಾವು ನಂಬುವ ಆನೆಗೊಂದಿ ಇರುವುದು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ, ಹೆಸರು ಮಾತ್ರ ಸಮುದ್ರತೀರದ ಊರಿಗೆ ಹೋಯಿತು). ರಾಮೋಜಿ ಫಿಲ್ಮ್ ಸಿಟಿ 1996ರಲ್ಲಿ, ಕೊಚ್ಚಿಯ ವೀಗಾಲ್ಯಾಂಡ್ 2000ದಲ್ಲಿ, ಬಿಡದಿಯ ವಂಡರ್‌ಲಾ 2005ರಲ್ಲಿ ತೆರೆದವು. ಅದಕ್ಕೂ ಮೊದಲು ನಮ್ಮ ಜನರಿಗೆ ಗೊತ್ತಿದ್ದ ಆಟಗಳೆಂದರೆ ಜಾತ್ರೆಯ ತೊಟ್ಟಿಲು, ಜೋಕಾಲಿ, ಮೋಟರ್‌ಸೈಕಲ್ಲಿನ ಸಾವಿನ ಬಾವಿ. ಹೀಗಾಗಿ 1998ರಲ್ಲಿ ಆ ಪಾರ್ಕಿನ ಗೇಟು ದಾಟಿದಾಗ ನೀವೊಬ್ಬರೇ ಬೆರಗಾಗಲಿಲ್ಲ. ನಿಮ್ಮ ತಂದೆತಾಯಿಗೂ ಅದು ಮೊದಲ ಸಲವೇ. ಅಲೆ ಎಬ್ಬಿಸುವ ಕೊಳವನ್ನು ನೋಡಿ ಅಪ್ಪನ ಬಾಯಿಯೂ ತೆರೆದದ್ದನ್ನು ಮಗ ನೋಡಿದ. ಈಗ ನೀವು ಹೋಗಿದ್ದು ಎಲ್ಲವನ್ನೂ ಬಲ್ಲ ಮಾರ್ಗದರ್ಶಿಯಾಗಿ, ಮಕ್ಕಳಾದರೋ ಪ್ರತಿಯೊಂದು ಜಾರುಬಂಡಿಯನ್ನೂ ಯೂಟ್ಯೂಬಿನಲ್ಲಿ ಮೊದಲೇ ನೋಡಿಕೊಂಡು ಬಂದವರು. ನಿಮ್ಮ ನಾಲ್ವರಲ್ಲಿ ಬೆರಗಾಗಲು ಯಾರೂ ಉಳಿದಿರಲಿಲ್ಲ.

ಕಾಯುವುದರ ಪಾಲೂ ದೊಡ್ಡದು. ನೆದರ್‌ಲೆಂಡ್ಸಿನ ಯೆರೂನ್ ನವೈನ್ ಮತ್ತು ಸಂಗಡಿಗರು 2010ರಲ್ಲಿ ಸುಮಾರು 1,500 ಜನರ ಅಧ್ಯಯನ ಪ್ರಕಟಿಸಿದರು. ರಜೆಗೆ ಹೋಗುವವರು ಹೋಗದವರಿಗಿಂತ ಹೆಚ್ಚು ಸಂತೋಷದಿಂದಿದ್ದದ್ದು ಮುಖ್ಯವಾಗಿ ಹೊರಡುವ ಮುಂಚೆ. ಬಂದಮೇಲೆ ಬಹುತೇಕ ಮಂದಿಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಸರ್ಕಾರಿ ಮತ್ತು ಸಾರ್ವಜನಿಕ ರಂಗದ ನೌಕರರ ಮನೆಗಳಲ್ಲಿ ಈ ಮುಂಚಿನ ಕಾಲ ತಿಂಗಳುಗಟ್ಟಲೆ ಇರುತ್ತಿತ್ತು. ಎಲ್‌ಟಿಸಿ, ಅಂದರೆ ನೌಕರರಿಗೆ ಸಿಗುವ ರಜಾ ಪ್ರಯಾಣದ ಸೌಲಭ್ಯ, ಪಡೆಯುವವರು ಅರ್ಜಿ ಹಾಕಿ ಮಂಜೂರಾತಿಗೆ ಕಾಯಬೇಕಿತ್ತು. ಅದು ಭರಿಸುತ್ತಿದ್ದದ್ದು ಪ್ರಯಾಣದ ದರವನ್ನು ಮಾತ್ರ, ವಸತಿ ಊಟದ ಖರ್ಚನ್ನಲ್ಲ. ಉಳಿದ ಹಣವನ್ನು ಮನೆಯೇ ಹೊಂದಿಸಬೇಕಾದ್ದರಿಂದ ಪ್ರವಾಸವೆಂಬುದು ದೀಪಾವಳಿಯಿಂದಲೇ ಮನೆಮಾತಾಗುತ್ತಿತ್ತು. ಹೈದರಾಬಾದಿನಲ್ಲಿ ಯಾರ ನೆಂಟರ ಮನೆಯಲ್ಲಿ ಇಳಿಯುವುದು, ಯಾರು ಕ್ಯಾಮೆರಾ ತರುವುದು, 36 ಫೋಟೋಗಳ ಒಂದೇ ರೋಲನ್ನು ಎಲ್ಲೆಲ್ಲಿ ಖರ್ಚು ಮಾಡುವುದು ಎಂದೆಲ್ಲ ಕಾಲೊನಿಯ ಕಟ್ಟೆಯ ಮೇಲೆ ತೀರ್ಮಾನವಾಗುತ್ತಿತ್ತು. ನೀವು ಈ ಸಲ ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡಿ ಎರಡು ದಿನಗಳಲ್ಲಿ ಹೊರಟಿರಿ ಎಂದೇ ನನ್ನ ಊಹೆ. ಮಕ್ಕಳಿಗೆ ಆ ಪ್ರವಾಸದ ಅತ್ಯಂತ ಸವಿಯಾದ ಭಾಗ ಸಿಗಲೇ ಇಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳುವಾಗ, ಅದು ತಿಂಗಳ ಸಂಬಳ ಬರುವ ಮನೆಗಳ ಕಾಲ ಎಂಬುದನ್ನು ಮರೆಯುತ್ತೇವೆ. ಅದೇ ಬೇಸಿಗೆಗಳಲ್ಲಿ ಇದೇ ಜಿಲ್ಲೆಯ ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಬೆಂಗಳೂರು, ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದವು. ಆ ಮಕ್ಕಳಿಗೂ ಬೇಸಿಗೆಯ ಪ್ರಯಾಣದ ನೆನಪಿದೆ, ಬೇರೆ ರೀತಿಯದು. ನಿಮ್ಮ ನೆನಪಿನ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಅದನ್ನು ಇಡೀ ಒಂದು ಕಾಲದ ಗುಣವೆಂದು ಮಕ್ಕಳ ಮುಂದೆ ಇಟ್ಟರೆ ಲೆಕ್ಕ ತಪ್ಪುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವನ್ನು ನೀವೇ ಬರೆದು ಮುಂದೆ ಸಾಗಿದ್ದೀರಿ: ಮೂರು ಮನೆಯವರು. ಮೂರು ಮನೆಗಳು ಕೂಡಿದರೆ ಏಳೆಂಟು ಮಕ್ಕಳಾಗುತ್ತಾರೆ, ಮಕ್ಕಳದೇ ಒಂದು ದಂಡಾಗುತ್ತದೆ, ಆ ದಂಡಿನೊಳಗೆ ದೊಡ್ಡವರು ಸಣ್ಣವರನ್ನು ನೋಡಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ತಂದೆತಾಯಿಗಳು ಮಕ್ಕಳನ್ನು ರಂಜಿಸುವ ಹೊಣೆಯಿಂದ ಬಿಡುಗಡೆ ಪಡೆದು ತಮ್ಮ ಓರಗೆಯವರೊಂದಿಗೆ ಕೂರುತ್ತಾರೆ. ಕಳೆದ ಮೇ ತಿಂಗಳಲ್ಲಿ ಹೋದವರು ನಾಲ್ವರು. ಹನ್ನೆರಡರ ಹುಡುಗಿ ಮತ್ತು ಎಂಟರ ಹುಡುಗ ಒಂದೇ ಆಟವನ್ನು ಮೆಚ್ಚುವ ವಯಸ್ಸಿನವರಲ್ಲ. ಎತ್ತರದ ಮಿತಿಯಿಂದಾಗಿ ಕೆಲವು ಜಾರುಬಂಡಿಗಳಿಗೆ ಮಗನನ್ನು ಬಿಟ್ಟಿರಲಿಕ್ಕೂ ಇಲ್ಲ. ಒಬ್ಬರಿಗೆ ಅಪ್ಪ ಜೊತೆಗಾರ, ಇನ್ನೊಬ್ಬರಿಗೆ ಅಮ್ಮ. ಮಧ್ಯಾಹ್ನಕ್ಕೆ ಮೊಬೈಲ್ ಕೇಳಿದ್ದು ಅವರ ಅವಗುಣವಲ್ಲ, ಜೊತೆಯಿಲ್ಲದ್ದರ ಲಕ್ಷಣ.

ಈಗ ನೀವು ಕಳಿಸಿದ ಫೋಟೋದ ಬಗ್ಗೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ದಿನಾಂಕ ಅಚ್ಚಾಗಿದೆ, 1998ರ ಮೇ ತಿಂಗಳು. ಮುಂದೆ ಒದ್ದೆ ಮೈಯ ಆರು ಮಕ್ಕಳು, ಹಿಂದೆ ಸಿಮೆಂಟಿನ ಬೆಂಚು, ಅದರ ಮೇಲೆ ನಿಮ್ಮ ತಂದೆ. ಇಸ್ತ್ರಿ ಮಾಡಿದ ಪ್ಯಾಂಟು, ಒಳಗೆ ಸಿಕ್ಕಿಸಿದ ಅಂಗಿ, ಲೇಸು ಬಿಗಿದ ಕಪ್ಪು ಬೂಟು. ತೊಡೆಯ ಮೇಲೆ ಎರಡು ಚೀಲ, ಹೆಗಲ ಮೇಲೆ ಯಾರದೋ ಟವೆಲ್, ಕಾಲ ಬಳಿ ಸಾಲಾಗಿ ಜೋಡಿಸಿಟ್ಟ ಮಕ್ಕಳ ಚಪ್ಪಲಿಗಳು. ಅವರ ಮೈಮೇಲೆ ಒಂದು ಹನಿ ನೀರು ಬಿದ್ದ ಗುರುತಿಲ್ಲ. ನೀವು ಪತ್ರದಲ್ಲಿ "ನಾವೆಲ್ಲ ಆಡಿದೆವು" ಎಂದು ಬರೆದಿದ್ದೀರಿ. ಅಪ್ಪಾಜಿ ಆಡಲಿಲ್ಲ, ಕಾದರು.

ಡಿಸ್ನಿಲ್ಯಾಂಡ್ ಎಂಬ ಕಲ್ಪನೆ ಹುಟ್ಟಿದ್ದೇ ಇಂಥ ಒಂದು ಬೆಂಚಿನ ಮೇಲೆ ಎಂಬುದನ್ನು ನೀವು ತಿಳಿದಿರಬೇಕು. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಹೆಣ್ಣುಮಕ್ಕಳು ತಿರುಗುವ ಕುದುರೆಯ ಮೇಲೆ ಕೂತು ಸುತ್ತು ಹಾಕುತ್ತಿದ್ದಾಗ, ತಾನು ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕುಳಿತಿದ್ದೆ, ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಆನಂದಿಸುವ ಜಾಗವೊಂದು ಇರಬೇಕು ಎಂದು ಆಗ ಅನ್ನಿಸಿತು ಎಂದು ವಾಲ್ಟ್ ಡಿಸ್ನಿ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಅನಾಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಗೇಟಿನೊಳಗೆ ಮೊದಲು ಸಿಗುತ್ತಿದ್ದದ್ದು ರಾಕ್ಷಸ ತೊಟ್ಟಿಲೂ ಅಲ್ಲ, ಕೋಟೆಯೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದ ಸಣ್ಣ ಊರಿನ ಒಂದು ಪೇಟೆಬೀದಿ. ಡಿಸ್ನಿ ಚಿಕ್ಕಂದಿನಲ್ಲಿ ಕೆಲವು ವರ್ಷ ಬೆಳೆದ ಮಿಸೌರಿಯ ಮಾರ್ಸೆಲೀನ್ ಎಂಬ ಊರಿನ ನೆನಪು ಅದರ ಹಿಂದಿತ್ತು. ಆ ಬೀದಿಯ ಕಟ್ಟಡಗಳ ಮೇಲಂತಸ್ತುಗಳನ್ನು ಕೆಳಗಿನವಕ್ಕಿಂತ ಚಿಕ್ಕ ಅಳತೆಯಲ್ಲಿ ಕಟ್ಟಿ, ಇರುವುದಕ್ಕಿಂತ ಎತ್ತರವಾಗಿ ಕಾಣುವಂತೆ ಮಾಡಿದ್ದರು. ಅಂದರೆ ಮಕ್ಕಳಿಗೆ ಆಟ, ದೊಡ್ಡವರಿಗೆ ಅವರ ಬಾಲ್ಯದ ಬೀದಿ. ಹಿಂದಿನದರ ಹಂಬಲ ಈ ಉದ್ಯಮಕ್ಕೆ ಆಮೇಲೆ ಅಂಟಿಕೊಂಡದ್ದಲ್ಲ, ಅದರ ತಳಪಾಯದಲ್ಲೇ ಸೇರಿತ್ತು. ನೀವು ಮಕ್ಕಳಿಗೆಂದು ಟಿಕೆಟ್ ಕೊಂಡು, ಒಳಗೊಳಗೆ ನಿಮಗಾಗಿ ಗೇಟು ದಾಟಿದ್ದರೆ, 1955ರಲ್ಲಿ ಆ ಪೇಟೆಬೀದಿಯಲ್ಲಿ ನಡೆದವರೂ ಅದನ್ನೇ ಮಾಡಿದ್ದರು.

ನಿಮಗೆ ಆದ ನಿರಾಸೆಯ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ. 1998ರಲ್ಲಿ ನೀವು ಕರೆದೊಯ್ಯಲ್ಪಟ್ಟವರು. ಹಣ, ದಾರಿ, ಊಟ, ಚಪ್ಪಲಿ ಯಾವುದರ ಚಿಂತೆಯೂ ನಿಮ್ಮದಾಗಿರಲಿಲ್ಲ. ನಿಮ್ಮ ಪಾಲಿಗೆ ಬಂದದ್ದು ಜಾರುವುದು ಮಾತ್ರ. ಕಳೆದ ವರ್ಷ ನೀವು ಬೆಂಚಿನವರಾಗಿದ್ದಿರಿ, ಆದರೆ ಜಾರುಬಂಡಿಯ ಸಂತೋಷವನ್ನೇ ನಿರೀಕ್ಷಿಸಿದಿರಿ. ಬೆಂಚಿಗೂ ತನ್ನದೇ ಸಂತೋಷವಿದೆ, ನಿಮ್ಮ ತಂದೆ ಅದನ್ನು ಬಲ್ಲವರಂತೆ ಫೋಟೋದಲ್ಲಿ ಕಾಣುತ್ತಾರೆ; ಆದರೆ ಮಕ್ಕಳು ನನ್ನಂತೆಯೇ ಕೇಕೆ ಹಾಕಬೇಕು ಎಂದು ಕಾಯುತ್ತ ಕುಳಿತವರಿಗೆ ಅದು ದಕ್ಕುವುದಿಲ್ಲ. ಪಾರ್ಕು ಇನ್ನೂ ನಿಂತಿರುವುದೂ ಒಂದು ತೊಡಕು. ಅಪ್ಪು ಘರ್ 2008ರಲ್ಲಿ ಮುಚ್ಚಿಹೋದದ್ದರಿಂದ ದಿಲ್ಲಿಯಲ್ಲಿ ಬೆಳೆದ ನಿಮ್ಮ ಓರಗೆಯವರು ತಮ್ಮ ನೆನಪನ್ನು ಪರೀಕ್ಷೆಗೆ ಒಡ್ಡಲು ಸಾಧ್ಯವಿಲ್ಲ, ಆ ನೆನಪು ಹಾಗೆಯೇ ಕಾಪಾಡಿಕೊಂಡಿದೆ. ನಿಮ್ಮ ಜಾಗ ಉಳಿದಿದೆ, ಆದ್ದರಿಂದ ಕಾಲವೂ ಅಲ್ಲೇ ಉಳಿದಿರಬಹುದೆಂಬ ಆಸೆ ಹುಟ್ಟುತ್ತದೆ.

ತಾಯಿಯವರ ಮೌನದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನಾನು ಅಷ್ಟು ಬೇಗ ಮುಗಿಸಲಾರೆ. ಫೋಟೋದಲ್ಲಿ ಅವರಿಲ್ಲ. ಎಲ್ಲಿದ್ದರು? ವಾಟರ್ ಪಾರ್ಕುಗಳಲ್ಲಿ ಹತ್ತಿ ಬಟ್ಟೆ ತೊಟ್ಟು ನೀರಿಗಿಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಏಕೆಂದರೆ ಅದರ ಎಳೆಗಳು ನೀರು ಶುದ್ಧ ಮಾಡುವ ಫಿಲ್ಟರ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನೈಲಾನ್ ಉಡುಪನ್ನು ಬಾಡಿಗೆಗೆ ಪಡೆಯಬೇಕು. 1998ರಲ್ಲಿ ಶಕ್ತಿನಗರದ ಕಾಲೊನಿಯಿಂದ ಹೋದ ಗೃಹಿಣಿಯೊಬ್ಬರು, ಭಾವಂದಿರಂತಿದ್ದ ನೆರೆಮನೆಯ ಗಂಡಸರ ಎದುರಿಗೆ, ಸೀರೆ ಬಿಟ್ಟು ಆ ಉಡುಪು ತೊಟ್ಟಿರುವ ಸಾಧ್ಯತೆ ಕಡಿಮೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಮೂರು ಮನೆಗೆ ಸಾಲುವಷ್ಟು ಬುತ್ತಿ ಕಟ್ಟಿದವರಲ್ಲಿ ಅವರೂ ಒಬ್ಬರು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಬಿಸಿಲಿಗೆ ಹುಳಿಯಾಗದಂತೆ ಹಾಲು ಹಾಕಿ ಕಲಸಿದ ಮೊಸರನ್ನ. ನೆಂಟರ ಮನೆಯಲ್ಲಿ ಇಳಿದುಕೊಂಡರೆ ಅಲ್ಲಿಯ ಅಡುಗೆಮನೆಯಲ್ಲೂ ಕೈ ಜೋಡಿಸಿರುತ್ತಾರೆ. ಅವರಿಗೆ ಅದು ರಜೆಯಾಗಿರಲಿಲ್ಲ, ಸ್ಥಳ ಬದಲಾದ ಕೆಲಸವಾಗಿತ್ತು. ಆದ್ದರಿಂದ "ಎಷ್ಟು ಚೆನ್ನಾಗಿತ್ತಲ್ಲ ಅವ್ವ" ಎಂಬ ಮಾತಿಗೆ ಹೂಂ ಎನ್ನುವುದರ ಹೊರತು ಅವರಿಗೆ ದಾರಿಯಿಲ್ಲ. ಅವರನ್ನು ಹಾಗೆ ಕೇಳಬೇಡಿ. ಹೊರಡುವ ದಿನ ಎಷ್ಟು ಹೊತ್ತಿಗೆ ಎದ್ದೆ, ರೊಟ್ಟಿ ಬಡಿಯಲು ಯಾರು ಬಂದರು, ನಾವು ನೀರಿನಲ್ಲಿದ್ದಾಗ ನೀವು ಹೆಂಗಸರು ಎಲ್ಲಿ ಕೂತಿದ್ದಿರಿ, ಏನು ಮಾತಾಡಿಕೊಂಡಿರಿ ಎಂದು ಕೇಳಿ. ಬೈಗುಳವೂ ಬರಬಹುದು, ನಗುವೂ ಬರಬಹುದು. ನಿಮಗೆ ಗೊತ್ತಿಲ್ಲದ ಇನ್ನೊಂದು ಪ್ರವಾಸ ಅವರ ಬಳಿ ಇದೆ, ಅದರಲ್ಲಿ ನಿಮ್ಮ ತಂದೆಯವರೂ ಬೇರೆಯಾಗಿ ಇರುತ್ತಾರೆ. ಹಾಗೆ ಕೂತಾಗ ಆ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಎಲ್ಲರ ಹೆಸರು ಬರೆದಿಡಿ. ಫೋಟೋ ಇನ್ನೂ ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿದ್ದರೆ ಹೊರತೆಗೆಯಿರಿ, ಆ ಅಂಟು ವರ್ಷಗಳು ಕಳೆದಂತೆ ಚಿತ್ರವನ್ನು ಹಳದಿಗಟ್ಟಿಸುತ್ತದೆ.

ನಿಮ್ಮ ಪತ್ನಿ ಹೇಳಿದ್ದು ಸರಿಯಿದೆ, ಆದರೆ ಅದನ್ನು ಆರೋಪವೆಂದು ತೆಗೆದುಕೊಳ್ಳಬೇಕಿಲ್ಲ. ತೀರಿಹೋದ ತಂದೆಯನ್ನು ಅವರು ಸಂತೋಷವಾಗಿದ್ದ ಜಾಗದಲ್ಲಿ ಹುಡುಕುವುದು ಮನುಷ್ಯರ ಸ್ವಭಾವ. ತಪ್ಪಿದ್ದರೆ ಹುಡುಕಾಟವನ್ನು ಮಕ್ಕಳಿಂದ ಮುಚ್ಚಿಟ್ಟದ್ದರಲ್ಲಿ. ಅಜ್ಜ ಈ ಜಾಗದಲ್ಲಿ ನಮ್ಮ ಚಪ್ಪಲಿ ಕಾಯುತ್ತ ಕೂತಿದ್ದರು, ಅದನ್ನು ನಿಮಗೆ ತೋರಿಸಬೇಕೆಂದು ಬಂದೆ ಎಂದು ಮೊದಲೇ ಹೇಳಿದ್ದರೆ ಹನ್ನೆರಡು ವರ್ಷದ ಹುಡುಗಿಗೆ ಅದು ಖಂಡಿತ ಅರ್ಥವಾಗುತ್ತಿತ್ತು. ಹೇಳದೆ ಇದ್ದದ್ದರಿಂದ, ಅಪ್ಪ ಏಕೆ ಸಿಟ್ಟಾಗಿದ್ದಾರೆಂಬುದು ಅವರಿಗೆ ತಿಳಿಯಲಿಲ್ಲ. ಪತ್ರದಿಂದ ನನಗೆ ಕಾಣುವ ದುಃಖ ಸಹಜವಾದ ಮಟ್ಟದಲ್ಲೇ ಇದೆ. ಆದರೆ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ, ನಿದ್ದೆ ಕೆಟ್ಟ ದಿನಗಳು ವಾರಗಟ್ಟಲೆ ಮುಂದುವರಿದರೆ, ತಂದೆಯಿಲ್ಲದೆ ಬದುಕಿಗೆ ಅರ್ಥವಿಲ್ಲವೆಂಬ ಭಾವ ನಿತ್ಯ ಕಾಡಿದರೆ, ಅದು ಚಿಕಿತ್ಸೆ ಬೇಡುವ ದುಃಖ. ಆಗ ತಜ್ಞರನ್ನು ಕಾಣಿರಿ, ಅಥವಾ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯ ಪ್ರಶ್ನೆ ಮಕ್ಕಳದು. ನೆನಪನ್ನು ಕೊಡಲು ಬರುವುದಿಲ್ಲ, ಅದು ಆಗಲು ಬಿಡಬಹುದು ಅಷ್ಟೆ. ಜನರು ನಡುವಯಸ್ಸು ದಾಟಿದ ಮೇಲೆ ಬದುಕಿನ ಘಟನೆಗಳನ್ನು ನೆನೆಯಲು ಹೇಳಿದರೆ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನೊಳಗಿನ ಸಂಗತಿಗಳು ಹೆಚ್ಚಾಗಿ ಬರುತ್ತವೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡ ವಿಷಯ. ನಿಮ್ಮ ಮಗಳು ಆ ಹೊಸ್ತಿಲಿನ ಮೇಲಿದ್ದಾಳೆ. ಅವಳು ಮುಂದೆ ಏನನ್ನು ನೆನೆಯುತ್ತಾಳೆಂದು ನೀವು ಈಗಲೇ ತೀರ್ಮಾನಿಸಲಾರಿರಿ. ದುಬಾರಿ ಟಿಕೆಟಿನ ಆಟವನ್ನು ಮರೆತು, ದಾರಿಯಲ್ಲಿ ಪಂಕ್ಚರ್ ಆದ ಟೈರನ್ನು ನೆನಪಿಟ್ಟುಕೊಳ್ಳುವ ಸಂಭವವೇ ಹೆಚ್ಚು. ಮೊಬೈಲಿನ ಬಗ್ಗೆ ಹೇಳುವುದಾದರೆ, ಲಿಂಡಾ ಹೆಂಕಲ್ ಎಂಬ ಸಂಶೋಧಕಿ ಮ್ಯೂಸಿಯಮ್ಮಿನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಗಳ ಫೋಟೋ ತೆಗೆದವರು ಬರೀ ನೋಡಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮುಂಚೆ, ದಿನವಿಡೀ ಅವರ ವಿಡಿಯೋ ಮಾಡುವ ನಿಮ್ಮ ಮೊಬೈಲನ್ನು ಲಾಕರಿನಲ್ಲಿಡಿ. ಜಾರುಬಂಡಿಯಿಂದ ಇಳಿದ ತಕ್ಷಣ ಹೇಗಿತ್ತು, ಚೆನ್ನಾಗಿತ್ತಾ ಎಂದು ಕೇಳುವುದನ್ನೂ ಬಿಡಿ. ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ.

ಮತ್ತೊಮ್ಮೆ ಹೋಗಬೇಕೇ ಎಂದರೆ, ಹೋಗಿರಿ, ಆದರೆ ಮುಂದಿನ ಸಲ ಆ ಪಾರ್ಕಿಗೆ ಬೇಡ, ಮತ್ತು ನಾಲ್ವರೇ ಬೇಡ. ನಿಮ್ಮ ತಂಗಿಯ ಮನೆಯವರೋ, ಕಾಲೇಜಿನ ಗೆಳೆಯರ ಮನೆಯವರೋ, ಮಕ್ಕಳಿರುವ ಕನಿಷ್ಠ ಇನ್ನೊಂದು ಸಂಸಾರ ಜೊತೆಗಿರಲಿ. ದೂರದ ಊರೇ ಆಗಬೇಕೆಂದಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಿದೆ. ಊರೂರಿನಿಂದ ರೊಟ್ಟಿ ಬಂದು ರಾಶಿ ಬೀಳುವ ದಾಸೋಹವಿದೆ, ಜಾತ್ರೆಯ ತೊಟ್ಟಿಲುಗಳಿವೆ, ಅಲ್ಲಿಂದ ಆನೆಗೊಂದಿಗೆ ಬಂದರೆ ಅಂಜನಾದ್ರಿಯ 575 ಮೆಟ್ಟಿಲುಗಳಿವೆ, ತುಂಗಭದ್ರೆಯಲ್ಲಿ ಹರಿಗೋಲಿದೆ. ದಿನಾಂಕವನ್ನು ಎರಡು ತಿಂಗಳ ಮುಂಚೆಯೇ ಮಕ್ಕಳಿಗೆ ಹೇಳಿ, ಎಲ್ಲಿ ಎಷ್ಟು ಹೊತ್ತು ಎಂಬುದನ್ನು ಎರಡೂ ಮನೆಯ ಮಕ್ಕಳೇ ಕೂತು ಬರೆಯಲಿ, ತಪ್ಪಾದರೂ ತಿದ್ದಬೇಡಿ. ಬುತ್ತಿಯ ಹೊಣೆಯನ್ನು ಈ ಸಲ ಗಂಡಸರು ಹೊತ್ತುಕೊಳ್ಳಲಿ, ಅವ್ವನವರು ಬರುವುದಾದರೆ ಬೆಟ್ಟದ ಕೆಳಗೆ ಅವರ ಜೊತೆ ಯಾರು ಕೂರುತ್ತಾರೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ; ಆ ಸರದಿಯಲ್ಲಿ ಮೊದಲ ಹೆಸರು ನಿಮ್ಮದೇ ಇರಲಿ.